ಬಿಸಿನೀರಿಗೆ ಬಿದ್ದ ಕೋಟು

"ಮೂಸಿದ್ದು ಸಾಕು ಕಣೇ ಸೂಜಿ. ಅದೇನು ಗುಲಾಬಿ ಹೂವಾ?"

ಪೊಲೀಸ್ ಸ್ಟೇಷನ್ನಿನ ಹಿಂದಿನ ಕೋಣೆ. ಮೇಜಿನ ಮೇಲೆ ಮೇಣಬಟ್ಟೆಯ ಮಳೆಕೋಟೊಂದು ತೋಳು ಚಾಚಿ ಬಿದ್ದಿತ್ತು. ಸೂಜಿ ಅದರ ಎದೆಯ ಭಾಗಕ್ಕೆ ಮೂಗು ಹಚ್ಚಿ ನಿಂತಿದ್ದಳು. ಎದುರಿಗೆ ಇನ್ಸ್‌ಪೆಕ್ಟರ್, ಕುರ್ಚಿಯನ್ನು ಹಿಂದಿನ ಕಾಲುಗಳ ಮೇಲೆ ವಾಲಿಸಿಕೊಂಡು ಚಹಾ ಹೀರುತ್ತಿದ್ದ.

"ಸೋಪು," ಅಂದಳು ಸೂಜಿ. "ಪಾತ್ರೆ ತಿಕ್ಕೋ ಸೋಪು. ಅದರ ಮೇಲೆ ಕುದಿಯೋ ನೀರು."

"ನಾನೂ ಅದನ್ನೇ ರಿಪೋರ್ಟಲ್ಲಿ ಬರ್ದಿರೋದು. ರಕ್ತ ತೊಳೆಯೋಕೆ ಹೋಗಿದಾನೆ. ಮೇಣ ಹೋಯ್ತು, ರಕ್ತ ಉಳೀತು. ನಿನ್ನ ತಮ್ಮ ಕೊಲೆ ಮಾಡೋದ್ರಲ್ಲೂ ಮುಟ್ಠಾಳ, ಬಟ್ಟೆ ಒಗೆಯೋದ್ರಲ್ಲೂ ಮುಟ್ಠಾಳ."

ಇನ್ನೊಬ್ಬರು ಈ ಮಾತು ಆಡಿದ್ದರೆ ಚಹಾದ ಲೋಟ ಅವರ ತಲೆಯ ಮೇಲೆ ಇರುತ್ತಿತ್ತು. ಆದರೆ ಇವನು ಶಾಲೆಯಲ್ಲಿ ಸೂಜಿಯ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಅವಳ ಲೆಕ್ಕ ನೋಡಿ ಬರೆದೇ ಪಾಸಾದವನು. ಉದ್ದಕ್ಕೆ ತೆಳ್ಳಗೆ ಇದ್ದ ಹುಡುಗಿಗೆ ಸೋದರಮಾವ ಇಟ್ಟ ಅಡ್ಡಹೆಸರನ್ನು ಬೆಂಚಿನಿಂದ ಬೀದಿಗೆ ತಂದವನೂ ಇವನೇ. ಅವಳು ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೆ, ಎಲ್ಲಿ ಬೇಕಾದರೂ ತೂರುತ್ತಾಳೆ ಅಂತ ಊರು ಆ ಹೆಸರನ್ನೇ ಖಾಯಂ ಮಾಡಿತು.

ಬಂದರಿನ ಗೋದಾಮಿನ ಕಾವಲುಗಾರ ತಲೆ ಒಡೆದು ಸತ್ತಿದ್ದ. ದೋಣಿ ನಡೆಸುವ ಸೂಜಿಯ ತಮ್ಮ ಲಾಕಪ್ಪಿನಲ್ಲಿದ್ದ. ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಅವನ ಬಾಡಿಗೆ ಕೋಣೆಯ ಹಿಂದೆ ಹಗ್ಗದ ಮೇಲೆ ಸಿಕ್ಕ ಈ ಕೋಟೇ ಸಾಕ್ಷಿ. ಇದಕ್ಕೆ ಉತ್ತರ ಸಿಗದಿದ್ದರೆ ತಮ್ಮನ ಕೊರಳಿಗೆ ಇದೇ ಹಗ್ಗ.

ತಮಾಷೆಯೆಂದರೆ, ಕಾವಲುಗಾರನ ಮೇಲೆ ಕೂಗಾಡಿದವಳು ಸೂಜಿ, ತಮ್ಮನಲ್ಲ. ಗೋದಾಮಿನ ಕಳ್ಳತನದ ಹಿಂದೆ ಯಾವ ದೊಡ್ಡ ಮನುಷ್ಯನಿದ್ದಾನೆ ಎಂದು ಬಾಯಿ ಬಿಡಿಸಲು, ಮಾರುಕಟ್ಟೆಯ ನಡುಮಧ್ಯೆ ಅವನ ಕೊರಳಪಟ್ಟಿ ಹಿಡಿದು, "ಹೇಳ್ದಿದ್ರೆ ನಿನ್ನ ಕತೆ ಮುಗಿಸ್ತೀನಿ" ಅಂದಿದ್ದಳು. ಊರೆಲ್ಲ ಕೇಳಿತ್ತು. ಹೇಳುತ್ತೇನೆ ಅಂತ ಅವನು ಒಪ್ಪಿದ ದಿನವೇ ಸತ್ತ.

"ಅವನು ಏನಾದ್ರೂ ಹೇಳಿದ್ನಾ?" ಅಂತ ಕೇಳಿದಳು.

"ನಿನ್ನ ತಮ್ಮನಾ? ಬಾಯಿಗೆ ಬೀಗ. ನೀನು ಹೋದಾಗಲೂ ಗೋಡೆ ಕಡೆ ತಿರುಗಿ ಕೂತಿದ್ನಲ್ಲ."

ಹೌದು, ಕೂತಿದ್ದ. ಎತ್ತಿ ಆಡಿಸಿದ ಅಕ್ಕನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಆ ನೋವು ಅವಳ ಎದೆಯಲ್ಲಿ ಇನ್ನೂ ಹಸಿಯಾಗಿತ್ತು.

ಅವಳು ಕೋಟಿನ ಕಡೆಗೆ ಬಾಗಿದಳು. ಮೇಣಬಟ್ಟೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ತಂದೆತಾಯಿ ಹೋದ ಮೇಲೆ ಅಕ್ಕ ತಮ್ಮ ಇಬ್ಬರೂ ಬೆಳೆದದ್ದು ಸೋದರಮಾವನ ಮೇಣಬಟ್ಟೆಯ ಅಂಗಡಿಯಲ್ಲೇ. ಕೆಸರಾದರೆ ಒಣಗಲು ಬಿಟ್ಟು ಬ್ರಷ್ಷಿನಿಂದ ಕೊಡವು. ಕಲೆಯಾದರೆ ತಣ್ಣೀರು, ಸ್ಪಂಜು, ತಾಳ್ಮೆ. ಸೋಪು ಬೇಡ, ಬಿಸಿನೀರಂತೂ ಬೇಡವೇ ಬೇಡ. 'ಮೇಣಬಟ್ಟೆಗೆ ತಣ್ಣೀರು ತಾಯಿ, ಬಿಸಿನೀರು ಮಲತಾಯಿ' ಎನ್ನುವುದು ಮಾವನ ಮಂತ್ರ.

ಈ ಕೋಟು ಮಲತಾಯಿಯ ಕೈಗೆ ಸಿಕ್ಕಿತ್ತು. ಹಸಿರು ಹೊಳಪು ಹೋಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊಣಕೈಯ ಗೆರೆಗಳು, ಬೆನ್ನಿನ ಬಾಗು ಎಲ್ಲ ಅಳಿಸಿ, ಯಾರೂ ತೊಡದ ಗೋಣಿಯಂತಾಗಿತ್ತು. ಎದೆಯ ಮೇಲೆ ಕಂದು ಕಲೆ ಮಾತ್ರ ಗಟ್ಟಿಯಾಗಿ ಕೂತಿತ್ತು. ಬಿಸಿ ತಾಗಿದರೆ ರಕ್ತ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ.

ಕೊರಳ ಹಿಂದೆ, ಕೋಟನ್ನು ಮೊಳೆಗೆ ತಗಲಿಹಾಕುವ ಕುಣಿಕೆಯನ್ನು ಎತ್ತಿ ನೋಡಿದಳು. ನೀಲಿ. ಮಾವ ಇಡೀ ಮನೆಗೆ ಒಂದೇ ಅಚ್ಚಿನಲ್ಲಿ, ಒಂದೇ ಅಳತೆಯಲ್ಲಿ ಕೋಟು ಕತ್ತರಿಸುತ್ತಿದ್ದ. ಯಾರದು ಯಾವುದು ಎಂದು ತಿಳಿಯುತ್ತಿದ್ದದ್ದು ಕುಣಿಕೆಯ ಬಣ್ಣದಿಂದ. ಸೂಜಿಯದು ಕೆಂಪು, ತಮ್ಮನದು ನೀಲಿ. ಬೆರಳಿಗೆ ಕುಣಿಕೆಯ ಜಿಗುಟು ಅಂಟಿತು. ಅದನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಕಾಲರನ್ನು ಮಗುಚಿದಳು.

ಮಗುಚಿದವಳು ಹಾಗೇ ನಿಂತಳು.

ಕಾರ್ಡುರಾಯ್ ಕಾಲರ್ ಮೆತ್ತಗೆ, ಕಂದು ಬಣ್ಣ ಕೆಡದೆ ಇತ್ತು. ಅಷ್ಟು ಮೇಣ ಕರಗಿ ಹರಿದ ನೀರಿನಲ್ಲಿ ಅದ್ದಿದರೂ ಕಾಲರಿಗೆ ಒಂದು ತೊಟ್ಟು ಮೇಣ ಹತ್ತಿರಲಿಲ್ಲ. ಕಾಲರಿನ ಬುಡದಲ್ಲಿ ಸಣ್ಣ ತೂತುಗಳ ಸಾಲು. ಮೇಣಬಟ್ಟೆ ಒಮ್ಮೆ ಚುಚ್ಚಿದ ತೂತನ್ನು ಮರೆಯುವುದಿಲ್ಲ.

ಬಿಸಿಯ ಕೆಲಸ ಏನೇ ಇರಲಿ, ಕರಗಿದ ಮೇಣ ಹತ್ತದಿರಲೆಂದು ಮಾವನ ಅಂಗಡಿಯಲ್ಲಿ ಮೊದಲು ಕಾಲರಿಗೆ ಹಳೆಯ ಹತ್ತಿಬಟ್ಟೆ ಸುತ್ತಿ ಕಚ್ಚಾ ಹೊಲಿಗೆ ಹಾಕುತ್ತಿದ್ದರು. ಅದು ಆ ಮನೆಯ ಪದ್ಧತಿ, ಹೊರಗಿನವರಿಗೆ ಗೊತ್ತಿರಲಿಲ್ಲ. ತಮ್ಮನಿಗೆ ಗೊತ್ತಿದ್ದರೂ ಅವನು ಸೂಜಿ ಹಿಡಿದವನಲ್ಲ; ಗುಂಡಿ ಕಿತ್ತುಹೋದರೆ ಹೊಸ ಅಂಗಿ ಕೇಳುವ ಜಾತಿ.

ಅಂದರೆ ಈ ಕೋಟನ್ನು ಒಗೆದವರು ಮನೆಯವರು. ರಕ್ತಕ್ಕೆ ಬಿಸಿನೀರು ಏನು ಮಾಡುತ್ತದೆಂದು ಚೆನ್ನಾಗಿ ಬಲ್ಲವರು. ಬಲ್ಲವರು ಬೇಕೆಂದೇ ಬಿಸಿನೀರು ಸುರಿದಿದ್ದಾರೆ. ಕಲೆ ಉಳಿಯಲಿ ಅಂತ.

"ಏನು ಕಂಡೆ?" ಇನ್ಸ್‌ಪೆಕ್ಟರ್ ಕುರ್ಚಿಯನ್ನು ನೆಲಕ್ಕೆ ಇಳಿಸಿದ. "ನಿಮ್ಮಂಥವರಿಗೆ ಮಾತ್ರ ತಿಳಿಯೋದು ಏನಾದ್ರೂ ಇದ್ದೀತು ಅಂತಲೇ ನಿನ್ನ ಕರೆಸಿದ್ದು."

"ಏನಿಲ್ಲ." ಅವನ ಮುಂದೆ ಅವಳು ಹೇಳಿದ ಮೊದಲ ಸುಳ್ಳು ಅದು. ಮಾತು ಬದಲಿಸಲು, "ನಿನ್ನ ನೆಗಡಿ ಇನ್ನೂ ಹೋಗಿಲ್ವಲ್ಲೋ. ಮಳೇಲಿ ನನ್ನ ಕೋಟು ಕೊಟ್ಟೂ ನೆಗಡಿ ಹಿಡ್ಕೊಂಡವನು ನೀನೊಬ್ಬನೇ," ಅಂದಳು.

ಅವನು ಉತ್ತರದ ಬದಲು ಮೂಗು ಸೀಟಿದ.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಸೂಜಿಯ ಕಾಲು ನೆಲ ತುಳಿಯಲಿಲ್ಲ, ಸಿಟ್ಟನ್ನೇ ತುಳಿಯಿತು. ಮೀನಿನ ಬುಟ್ಟಿಗಳ ನಡುವೆ, ಹಗ್ಗದ ಅಂಗಡಿಗಳ ಎದುರು, ಯಾರು ಕರೆದರೂ ತಿರುಗಲಿಲ್ಲ. ಉಂಡ ಮನೆಗೆ ಎರಡು ಬಗೆಯುವವರನ್ನು ಅವಳು ಹಿಡಿದುಕೊಟ್ಟಿದ್ದಳು. ಉಣ್ಣಿಸಿದ ಮನೆಯೇ ಎರಡು ಬಗೆದರೆ ಯಾರಿಗೆ ಹಿಡಿದುಕೊಡುವುದು?

ಬಾಗಿಲು ದಾಟಿದರೆ ಪಡಸಾಲೆ. ಅದಕ್ಕೆ ಬೀಗ ಹಾಕಿದವರಿಲ್ಲ. ಗೋಡೆಯಲ್ಲಿ ಸಾಲಾಗಿ ನಾಲ್ಕು ಮೊಳೆ: ಮಾವನದು, ಅತ್ತೆಯದು, ಸೂಜಿಯದು, ಕೊನೆಯದು ತಮ್ಮನದು. ಕೊನೆಯ ಎರಡೂ ಬರಿದಾಗಿದ್ದವು. ಸೂಜಿಯ ಕೋಟನ್ನು ಹೊಸ ಮೇಣಕ್ಕೆ ಹಾಕಿದ್ದೇನೆಂದು ಮಾವ ಹೇಳಿದ್ದ.

ಒಳಗೆ ಮಾವ ಗಿರಾಕಿಯೊಬ್ಬಳನ್ನು ತರಾಟೆಗೆ ತೆಗೆದುಕೊಂಡಿದ್ದ.

"ಮಡಚಬೇಡಿ ಅಂತ ಬಡ್ಕೊಂಡೆ. ಮೇಜಿಗೆ ಹಾಸೋ ಆಯಿಲ್ ಕ್ಲಾತು ಕಣಮ್ಮ, ಕರವಸ್ತ್ರ ಅಲ್ಲ. ಸುತ್ತಿ ಇಡ್ಬೇಕು. ನೋಡಿ, ಮಡಿಕೆ ಬಿದ್ದಲ್ಲೆಲ್ಲ ಬಿರುಕು. ಈ ಬಿಳೀ ಮಚ್ಚೆ ಏನು?"

"ಚಹಾ ಕಲೆ ಇತ್ತು. ಬ್ಲೀಚು ಹಾಕ್ದೆ."

"ಚಹಾ ಕುಡ್ದಿದ್ದು ಮೇಜು, ವಿಷ ಕುಡಿಸಿದ್ದು ನೀವು! ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ, ಮೆತ್ತನೆ ಬಟ್ಟೇಲಿ ಒರೆಸಿ. ಹೊಳಪು ಬೇಕಂದ್ರೆ ಕೆನೆ ತೆಗೆದ ಹಾಲಲ್ಲಿ ಅದ್ದಿದ ಬಟ್ಟೆ ಒಮ್ಮೆ ಆಡಿಸಿ."

"ಹಾಲಾ? ನಮ್ಮನೇಲಿ ಮನುಷ್ಯರಿಗೇ ಸಾಲಲ್ಲ."

ಗಿರಾಕಿ ಹೋದ ಮೇಲೆ ಮಾವ ಸೂಜಿಯನ್ನು ನೋಡಿ ಮುಖ ಅರಳಿಸಿದ. "ಬಾರೇ. ಮೊದಲು ಇದಕ್ಕೆ ದಾರ ಪೋಣಿಸಿಕೊಡು. ದಾರ ಒಂದು ಕಡೆ ಹೋಗುತ್ತೆ, ಕೈ ಒಂದು ಕಡೆ ಹೋಗುತ್ತೆ."

ಅವನ ಬೆರಳು ನಡುಗುತ್ತಿದ್ದವು; ನಡುಕ ಶುರುವಾಗಿ ಬಹಳ ಕಾಲವಾಗಿತ್ತು. ಸೂಜಿ ದಾರ ಪೋಣಿಸಿದಳು.

"ತಮ್ಮನ ವಿಷಯ ಏನಾಯ್ತು?"

"ಮೇಲೆ ಬನ್ನಿ ಮಾವ. ಅತ್ತೆ ಮುಂದೆ ಹೇಳ್ತೀನಿ."

ಮಹಡಿಯ ಅಡುಗೆಮನೆಯಲ್ಲಿ ಅತ್ತೆ ಮೇಜಿಗೆ ಹಾಸಿದ ಆಯಿಲ್ ಕ್ಲಾತನ್ನು ಹಾಲಿನ ಬಟ್ಟೆಯಿಂದ ಒರೆಸುತ್ತಿದ್ದಳು. ಕೆಂಪು ಚೌಕಳಿಯ ಹಳೆಯ ಬಟ್ಟೆ. ಅದರ ಮೇಲೆ ಅಕ್ಕತಮ್ಮ ಮಗ್ಗಿ ಕಲಿತಿದ್ದರು, ಶಾಯಿ ಚೆಲ್ಲಿದ್ದರು, ಹೊಡೆದಾಡಿದ್ದರು. ಒಂದು ಕಲೆಯೂ ಉಳಿದಿರಲಿಲ್ಲ. ಅತ್ತೆಯ ಕೈ ಅಂಥದ್ದು.

ಸೂಜಿ ಕೂರಲಿಲ್ಲ.

"ಕೋಟು ನೋಡಿ ಬಂದೆ. ಕಾಲರ್ ಕಟ್ಟಿ ಒಗೆದಿದಾರೆ."

ಮಾವನ ಕೈ ತಾನಾಗಿ ತನ್ನ ಅಂಗಿಯ ಕಾಲರಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅತ್ತೆಯ ಕೈ ಮಾತ್ರ ಒರೆಸುತ್ತಲೇ ಇತ್ತು.

"ನಾನೇ ಒಗೆದೆ," ಅಂದ ಮಾವ. "ಹುಡುಗ ಕೋಟು ತಂದುಕೊಟ್ಟ. ಗಾಬರೀಲಿ ಸಿಕ್ಕಿದ ನೀರಲ್ಲಿ ಅದ್ದಿಬಿಟ್ಟೆ. ತಪ್ಪಾಯ್ತು ಕಣಮ್ಮ."

"ಗಾಬರೀಲಿ ಕಾಲರ್ ಮರೀಲಿಲ್ಲ. ಬಿಸಿನೀರು ಮಲತಾಯಿ ಅನ್ನೋದು ಮಾತ್ರ ಮರೆತ್ರಿ. ಅಲ್ವಾ?"

ಮಾವ ಮೇಜಿನ ಅಂಚು ಹಿಡಿದುಕೊಂಡ.

"ನನ್ನ ಮಂಡಿ ಒಡೆದು ಕೋಟಿಗೆ ರಕ್ತ ಆದಾಗ ಹೇಳಿದ್ದು ಯಾರು? 'ರಕ್ತಕ್ಕೆ ತಣ್ಣೀರು, ಬಿಸಿ ಮುಟ್ಟಿಸಿದ್ರೆ ಸಾಯೋವರೆಗೂ ಹೋಗಲ್ಲ' ಅಂತ? ಸುಳ್ಳಾದ್ರೂ ಸರಿಯಾಗಿ ಹೇಳಿ ಮಾವ. ಆ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗಿದೆ. ದಾರ ಪೋಣಿಸೋಕೇ ನಾನು ಬೇಕಾದ ಕೈಯಲ್ಲಿ ಅದು ಬರುತ್ತಾ?"

ಹಾಲಿನ ಬಟ್ಟೆ ನಿಂತಿತು.

ಸೂಜಿ ಅತ್ತೆಯ ಕಡೆ ತಿರುಗಿದಳು. "ನೀನಾ ಅತ್ತೆ? ತಣ್ಣೀರಲ್ಲಿ ಒಂದು ಸಲ ಒರೆಸಿದ್ರೆ ಕಲೆ ಹೋಗ್ತಿತ್ತು. ಈ ಮೇಜಿನ ಮೇಲೆ ನಾವು ಚೆಲ್ಲಿದ ಶಾಯೀನೇ ಉಳಿಸ್ದೋಳಲ್ಲ ನೀನು. ಅವನ ಕೋಟಿನ ರಕ್ತ ಉಳಿಸ್ದೆ. ತುತ್ತು ಕೊಟ್ಟ ಕೈಯಲ್ಲೇ ಅವನನ್ನ ನೇಣಿಗೆ ಕೊಟ್ಟೆ. ಯಾರನ್ನ ಕಾಪಾಡೋಕೆ?"

"ಹೌದು," ಅಂದಳು ಅತ್ತೆ. "ಕಲೆ ಉಳೀಲಿ ಅಂತಲೇ ಬಿಸಿನೀರು ಹಾಕ್ದೆ. ಕಾಲರ್ ಕಟ್ಟಿದ್ದು ಮಾತ್ರ ನಾನಲ್ಲ, ನನ್ನ ಕೈ. ಹಾಳಾದ ಕೈ, ಕೋಟು ನೋಡಿದ ಕೂಡ್ಲೆ ಕಟ್ಟಿಬಿಡ್ತು."

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಸುಬಿನ ಗುಣ ಕುದಿಸಿದರೂ ಹೋಗದು.

"ಯಾರಿಗೋಸ್ಕರ ಅಂತ ಕೇಳ್ದೆ ಅತ್ತೆ."

"ನನ್ನ ಕೇಳ್ಬೇಡ. ಹಾಗೆ ಮಾಡು ಅಂತ ಕಾಲು ಹಿಡ್ದು ಕೇಳ್ಕೊಂಡವನು ನಿನ್ನ ತಮ್ಮನೇ. 'ಅತ್ತೆ, ಕಲೆ ಹೋಗಬಾರದು, ಪೊಲೀಸರು ನೋಡ್ಬೇಕು. ಆದ್ರೆ ತೊಟ್ಟವರ ಗುರುತು ಒಂದೂ ಉಳೀಬಾರದು' ಅಂದ."

"ಗುರುತು?"

"ನಿನಗೆ ಹೇಳ್ಕೊಡ್ಬೇಕಾ? ಮೇಣದ ಕೋಟು ತೊಟ್ಟವರ ಮೈಯನ್ನ ಹಿಡ್ದಿಟ್ಕೊಳ್ಳುತ್ತೆ. ಮೊಣಕೈ ಎಲ್ಲಿ ಮಡಚ್ತು, ಹೆಗಲು ಯಾವ ಕಡೆ ವಾಲ್ತು, ಎಲ್ಲ. ಆ ಗೆರೆ ಅಳಿಸ್ಬೇಕಂದ್ರೆ ಮೇಣ ಇಳಿಸ್ಬೇಕು. ಮೇಣ ಇಳಿಸೋಕೆ ಕುದಿಯೋ ನೀರೇ ಬೇಕು."

ಅತ್ತೆ ಒಳಕೋಣೆಗೆ ಹೋಗಿ, ಹಾಸಿಗೆಯ ಕೆಳಗಿನಿಂದ ಸುರುಳಿ ಸುತ್ತಿದ ಕೋಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಹಸಿರು ಹೊಳಪು, ಜೇನಿನ ವಾಸನೆ. ಎರಡೂ ತೋಳಿನಲ್ಲಿ ಹುಟ್ಟು ಹಾಕುವವನ ಆಳವಾದ ಗೆರೆಗಳು. ಸೂಜಿ ಅದನ್ನು ಕಣ್ಣು ಮುಚ್ಚಿಯೂ ಗುರುತಿಸುತ್ತಿದ್ದಳು. ಅದು ತಮ್ಮನ ಕೋಟು.

ಕೊರಳ ಹಿಂದೆ ಕುಣಿಕೆ ಇರಲಿಲ್ಲ. ಕತ್ತರಿಸಿದ ದಾರದ ತುದಿಗಳಷ್ಟೇ ಇದ್ದವು.

ಸೂಜಿಯ ಬೆರಳಿಗೆ ಬೆಳಗಿನ ಜಿಗುಟು ನೆನಪಾಯಿತು. ಕರವಸ್ತ್ರ ತೆಗೆದು ನೋಡಿದಳು. ಮೇಣ. ಒಂದು ತೊಟ್ಟೂ ಮೇಣ ಉಳಿಯದ ಕೋಟಿನ ಕುಣಿಕೆಯಲ್ಲಿ ಮೇಣ ಎಲ್ಲಿಂದ ಬಂತು? ಈ ಕೋಟಿನಿಂದ ಕತ್ತರಿಸಿ, ಅದನ್ನು ಕುದಿಸಿದ ಮೇಲೆ ಅದಕ್ಕೆ ಹೊಲಿದ ಕುಣಿಕೆ ಅದು. ಮೂಗಿನ ಕೆಳಗೆ ಇದ್ದದ್ದನ್ನು ಬಿಟ್ಟು ಕಾಲರಿನ ತೂತು ಎಣಿಸುತ್ತ ನಿಂತಿದ್ದಳು. ದೊಡ್ಡ ಪತ್ತೇದಾರಿಕೆ!

"ಹಾಗಾದ್ರೆ ಸ್ಟೇಷನ್ನಲ್ಲಿರೋದು..."

"ನಿನ್ನದು," ಅಂದ ಮಾವ. ಅವನ ಕಣ್ಣು ತುಂಬಿತ್ತು. "ಆವತ್ತು ಬೆಳಿಗ್ಗೆ ಪಡಸಾಲೇಲಿ, ನಿನ್ನ ಮೊಳೇಲಿ ನೇತಾಡ್ತಿತ್ತು. ಎದೆ ತುಂಬ ರಕ್ತ. ದೋಣಿಗೆ ಹೋಗೋ ಮುಂಚೆ ಇಲ್ಲಿಗೆ ಬಂದ ನಿನ್ನ ತಮ್ಮನೇ ಮೊದಲು ನೋಡಿದ್ದು. ಕಾವಲುಗಾರನ ಸುದ್ದಿ ಅಷ್ಟರಲ್ಲಿ ಬಂದಿತ್ತು. ಮಾರುಕಟ್ಟೇಲಿ ನೀನು ಕೂಗಾಡಿದ್ದೂ ಗೊತ್ತಿತ್ತು. ತಣ್ಣೀರಲ್ಲಿ ತೊಳೆದುಬಿಡೋಣ ಅಂದೆ. ಅವನು ಒಪ್ಪಲಿಲ್ಲ. 'ಯಾರೂ ಸಿಗದಿದ್ರೆ ಪೊಲೀಸರು ಅಕ್ಕನ್ನೇ ಹಿಡೀತಾರೆ, ಅವರಿಗೆ ಒಬ್ಬ ಸಿಗ್ಲಿ' ಅಂದ."

ಸೂಜಿ ಕುರ್ಚಿ ಎಳೆದು ಕೂತಳು.

ಬರುವಾಗ ಮೋಸ ಹೋದೆ ಎಂಬ ಸಿಟ್ಟಿತ್ತು. ಈಗ ಆ ಸಿಟ್ಟಿನ ಜಾಗದಲ್ಲಿ ಅದಕ್ಕಿಂತ ಕೆಟ್ಟದ್ದೊಂದು ಬಂದು ಕೂತಿತು. ಗೋಡೆಗೆ ತಿರುಗಿ ಕೂತ ತಮ್ಮ ಅವಳನ್ನು ದ್ವೇಷಿಸುತ್ತಿರಲಿಲ್ಲ. ಕೊಲೆಗಾರ್ತಿ ಅಕ್ಕನನ್ನು ಕಾಪಾಡುತ್ತಿದ್ದ.

"ಮೂರೂ ಜನ," ಅಂದಳು. "ಮೂರೂ ಜನ ನಾನೇ ಕೊಂದೆ ಅಂದ್ಕೊಂಡ್ರಿ. ಅಂದ್ಕೊಂಡು, ಇದೇ ಮೇಜಿನಲ್ಲಿ ನನಗೆ ಊಟ ಬಡಿಸಿದ್ರಿ. ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ."

"ಕೇಳಿದ್ರೆ ನೀನು ಸುಳ್ಳು ಹೇಳ್ತಿರಲಿಲ್ಲ," ಅಂದಳು ಅತ್ತೆ. "ಅದೇ ಭಯ."

ಸೂಜಿ ಅತ್ತೆಯ ಕೈಯಿಂದ ಹಾಲಿನ ಬಟ್ಟೆ ತೆಗೆದುಕೊಂಡು ಮುಖ ಒರೆಸಿಕೊಂಡಳು. ಅದು ಮೇಜು ಒರೆಸಿದ ಬಟ್ಟೆ ಅಂತ ಆಮೇಲೆ ಹೊಳೆಯಿತು.

"ಕೇಳಿ," ಅಂದಳು. "ಕಾವಲುಗಾರ ಸತ್ತ ಸಂಜೆ ಆ ಕೋಟು ನನ್ನ ಮೈಮೇಲೆ ಇರಲೇ ಇಲ್ಲ."

"ಮತ್ತೆ?"

ಮತ್ತೆ? ಆ ಸಂಜೆಯ ಮಳೆ ಕಣ್ಣ ಮುಂದೆ ಸುರಿಯಿತು. ಚಹಾ ಅಂಗಡಿಯ ಸೂರಿನ ಕೆಳಗೆ ಇಬ್ಬರು, ಅವಳು ಮತ್ತು ಒಂದೇ ಬೆಂಚಿನ ಗೆಳೆಯ. ಗೋದಾಮಿನ ಹಿಂದಿರೋ ದೊಡ್ಡ ಮನುಷ್ಯ ಯಾರು ಅಂತ ಕಾವಲುಗಾರ ನಾಳೆ ಹೇಳ್ತಾನಂತೆ ಕಣೋ, ಅಂದಿದ್ದಳು ಖುಷಿಯಿಂದ. ಹೌದಾ, ಅಂದಿದ್ದ ಅವನು. ಆಮೇಲೆ, ಒಂದು ಕೆಲಸ ಇದೆ, ನೆನೀದೆ ಹೋಗ್ಬೇಕು, ನಿನ್ನ ಕೋಟು ಕೊಡೇ, ಬೆಳಿಗ್ಗೆ ನಿಮ್ಮ ಪಡಸಾಲೇಲಿ ತಗಲಿಹಾಕ್ತೀನಿ, ಅಂದಿದ್ದ. ಅವಳು ಬಿಚ್ಚಿ ಕೊಟ್ಟಿದ್ದಳು. ಗುಂಡಿಯನ್ನೂ ಹಾಕಿ ಕಳಿಸಿದ್ದಳು, ಅಣ್ಣತಮ್ಮಂದಿರಿಗೆ ಹಾಕುವ ಹಾಗೆ.

ಅವನು ಮರೆತು ಬಿಟ್ಟುಹೋದ ಕೋಟಲ್ಲ ಅದು. ಬೇಕೆಂದೇ ಅವಳ ಮೊಳೆಗೆ ತಂದು ತಗಲಿಹಾಕಿದ್ದು. ತಮ್ಮ ಮೊದಲು ನೋಡಿದ್ದರಿಂದ ಬಲೆಗೆ ಬೇರೆ ಮೀನು ಬಿತ್ತು, ಅಷ್ಟೆ. ಬೇಲಿಯೇ ಎದ್ದು ಹೊಲ ಮೇಯುವಾಗ ಅವಳು ಬೇಲಿಗೆ ನೀರು ಹಾಕುತ್ತ ನಿಂತಿದ್ದಳು.

ಆದರೆ ಹೇಳಿದರೆ ನಂಬುವವರು ಯಾರು? ಕೋಟು ಅವಳದು. ಅದರೊಳಗೆ ಅವನ ಮೈ ಇದ್ದದ್ದಕ್ಕೆ ಸಾಕ್ಷಿಯಾಗಬೇಕಿದ್ದ ಗೆರೆಗಳನ್ನು ಅತ್ತೆ ಕುದಿಸಿ ಇಳಿಸಿದ್ದಳು.

ಕೆಳಗೆ ಬಾಗಿಲು ಕಿರುಗುಟ್ಟಿತು. ಬೂಟಿನ ಸದ್ದು. ಒಂದು ಸೀನು.

"ಮಾವಾ! ಮನೇಲಿದೀರಾ? ನಮ್ಮ ಸೂಜಿ ಬಂದ್ಲಾ ಇಲ್ಲಿಗೆ? ಈ ಕೋಟು ನಿಮ್ಮ ಅಂಗಡೀದೇ ಅಂತ ನಿಮ್ಮದೊಂದು ಸಹಿ ಬೇಕಿತ್ತು."

ಸೂಜಿ ತುಟಿಯ ಮೇಲೆ ಬೆರಳಿಟ್ಟು ಇಬ್ಬರನ್ನೂ ಸುಮ್ಮನಿರಿಸಿ, ಸದ್ದಿಲ್ಲದೆ ಮೆಟ್ಟಿಲಿನ ತಲೆಗೆ ಬಂದಳು. ಕೆಳಗಿನ ಪಡಸಾಲೆಯಲ್ಲಿ ಇನ್ಸ್‌ಪೆಕ್ಟರ್ ಪತ್ರಿಕೆಯಲ್ಲಿ ಸುತ್ತಿದ ಗಂಟನ್ನು ಬಿಚ್ಚುತ್ತಿದ್ದ. ಬೂದಿ ಬಣ್ಣದ ಕೋಟು ಹೊರಗೆ ಬಂತು. ಚಿಕ್ಕಂದಿನಿಂದ ಈ ಮನೆಗೆ ಬಂದು ಹೋಗುವವನು. ಯಾವ ಮೊಳೆ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕರವಸ್ತ್ರಕ್ಕಾಗಿ ಒಂದು ಕೈಯಿಂದ ಜೇಬು ತಡಕುತ್ತ, ನೋಡದೆಯೇ ಇನ್ನೊಂದು ಕೈಯಿಂದ ಕೋಟನ್ನು ಗೋಡೆಗೆ ತಗಲಿಹಾಕಿದ. ತಮ್ಮನ ಕೊನೆಯ ಮೊಳೆಗಲ್ಲ. ಅದರ ಪಕ್ಕದ ಮೊಳೆಗೆ, ಸೂಜಿಯದಕ್ಕೆ.

ಆಮೇಲೆ ತಲೆ ಎತ್ತಿದ. ಮೆಟ್ಟಿಲಿನ ಮೇಲೆ ಅವಳು ನಿಂತದ್ದನ್ನು ನೋಡಿ, ಅವಳ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿ, ತಾನೂ ನಿಧಾನಕ್ಕೆ ಆ ಮೊಳೆಯ ಕಡೆ ತಿರುಗಿದ.

ಹಾಗೇ ಕೈ ಹಿಂದೆ ಚಾಚಿ, ಬೀದಿ ಬಾಗಿಲಿನ ಅಗುಳಿ ಹಾಕಿದ.